ಗಾಜು, ಅಲ್ಯೂಮಿನಿಯಂ, ಕಾಂಕ್ರೀಟಿನ ಹಳೆಯ ಕಚೇರಿ ಕಟ್ಟಡವನ್ನು ಮತ್ತೆ ಬಳಕೆಗೆ ತರುವ ಬಗೆ

ಎರಡನೆಯ ಮಹಾಯುದ್ಧದ ನಂತರ, ಸುಮಾರು 1945ರಿಂದ 1970ರವರೆಗೆ ಕಟ್ಟಿದ ಆಧುನಿಕ ಶೈಲಿಯ ಕಚೇರಿ ಕಟ್ಟಡಗಳದ್ದು ವಿಚಿತ್ರ ದುರದೃಷ್ಟ. ಪಾರಂಪರಿಕ ಎಂದು ಜನ ಕೈಮುಗಿಯುವಷ್ಟು ಹಳೆಯದಾಗಿ ಅವು ಕಾಣುವುದಿಲ್ಲ. ಹೊಸದೆಂದು ಒಪ್ಪಿಕೊಳ್ಳುವಷ್ಟು ಚೆನ್ನಾಗಿ ಕೆಲಸವನ್ನೂ ಮಾಡುವುದಿಲ್ಲ. ಕೆತ್ತನೆಯಿಲ್ಲ, ಕಮಾನಿಲ್ಲ, ಶಿಖರವಿಲ್ಲ. ಮಳೆಗೆ ಸೋರುತ್ತವೆ, ಬಿಸಿಲಿಗೆ ಕಾಯುತ್ತವೆ, ಚಳಿಗೆ ಕಿಟಕಿಯ ಚೌಕಟ್ಟಿನಲ್ಲಿ ನೀರು ಹನಿಯುತ್ತದೆ. ಹಾಗಾಗಿ ಕೆಡವುವವರಿಗೆ ಅಳುಕಿಲ್ಲ, ದುರಸ್ತಿ ಮಾಡುವವರಿಗೆ ಅಂಜಿಕೆಯಿಲ್ಲ. ನನಗೆ ಹೆಚ್ಚು ಭಯವಿರುವುದು ಎರಡನೆಯವರ ಬಗ್ಗೆ. ಕಟ್ಟಡ ಕೆಡವಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಕಿಟಕಿ ಬದಲಿಸಿ ಅದರ ಜೀವ ತೆಗೆದರೆ, ಏನೋ ಕಳೆದುಹೋಗಿದೆ ಎಂದು ಅನಿಸಿದರೂ ಏನು ಎಂದು ಯಾರಿಗೂ ತಿಳಿಯುವುದಿಲ್ಲ.

ಕಳೆದುಹೋಗುವುದು ತೆಳುತನ. ಈ ಕಟ್ಟಡಗಳ ಚೆಲುವೆಲ್ಲ ಅಡಗಿರುವುದು ಚೌಕಟ್ಟುಗಳ ತೆಳುವಿನಲ್ಲಿ, ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ಬರುವ ಗೆರೆಗಳಲ್ಲಿ, ಗಾಜಿನ ಬಣ್ಣದಲ್ಲಿ, ನೆಲಮಹಡಿಯ ತೆರವಿನಲ್ಲಿ. 50 ಮಿಲಿಮೀಟರ್ ಚೌಕಟ್ಟಿದ್ದಲ್ಲಿ 90 ಮಿಲಿಮೀಟರಿನದು ಬಂದರೆ, ಇಡೀ ಮುಖ ದಪ್ಪ ಹುಬ್ಬಿನಂತೆ ಗಂಟಿಕ್ಕಿಕೊಳ್ಳುತ್ತದೆ. ಇನ್ನೊಂದು ಕಡೆ, ಆಧುನಿಕ ಬಳಕೆ ಎಂದರೆ ಬಹುಪಾಲು ದಪ್ಪ ಮಾಡುವ ಕೆಲಸವೇ: ಉಷ್ಣನಿರೋಧಕ ಪದರ, ಜೋಡಿ ಗಾಜು, ಗಾಳಿಯ ನಾಳ, ಕೇಬಲ್, ಅಗ್ನಿನಿರೋಧಕ ಗೋಡೆ. ಈ ದಪ್ಪವನ್ನು ಕಣ್ಣಿಗೆ ಬೀಳದ ಕಡೆ ಸೇರಿಸುವುದು ಹೇಗೆ ಎಂಬುದಷ್ಟೇ ಮುಂದಿನ ಎಲ್ಲ ಹಂತಗಳ ಚಿಂತೆ.

ಮೊದಲ ಹಂತ: ಕಾಗದ ಓದಿ, ನಂತರ ಕಟ್ಟಡ ಓದಿ

ಈ ಕಾಲದ ಕಟ್ಟಡಗಳ ಒಂದು ಅನುಕೂಲವೆಂದರೆ ಅವುಗಳ ದಾಖಲೆ ಸಿಗುವ ಸಾಧ್ಯತೆ ಹೆಚ್ಚು. ಮೂಲ ನಕ್ಷೆಗಳು, ಕಾರ್ಖಾನೆಯ ವಿವರ ರೇಖಾಚಿತ್ರಗಳು, ಉದ್ಘಾಟನೆಯ ಕಾಲದ ಕಪ್ಪು-ಬಿಳುಪು ಫೋಟೋಗಳು, ಆಗಿನ ವಾಸ್ತುಶಿಲ್ಪ ಪತ್ರಿಕೆಗಳ ಲೇಖನಗಳು, ವಾಸ್ತುಶಿಲ್ಪಿಯ ಕಚೇರಿಯ ಕಡತಗಳು, ನಗರಾಡಳಿತದ ಅನುಮತಿ ಪತ್ರಗಳು ಎಲ್ಲವನ್ನೂ ಹುಡುಕಿ. ಕಿಟಕಿಯ ಅಡ್ಡಸೀಳಿನ ಒಂದು ಹಳೆಯ ರೇಖಾಚಿತ್ರ ಕೈಗೆ ಸಿಕ್ಕರೆ ತಿಂಗಳುಗಟ್ಟಲೆ ಊಹಿಸುತ್ತಾ ಕೂರುವುದು ತಪ್ಪುತ್ತದೆ. ಆದರೆ ನಕ್ಷೆಯಲ್ಲಿದ್ದಂತೆಯೇ ಕಟ್ಟಿದ್ದಾರೆ ಎಂದು ನಂಬಬೇಡಿ. ಕೆಲಸದ ನಡುವೆ ಬದಲಾದದ್ದು, ನಂತರದ ಮಾಲೀಕರು ಬದಲಿಸಿದ್ದು, ಯಾರೂ ಎಲ್ಲೂ ಬರೆದಿಡದೆ ಮಾಡಿದ್ದು ಬೇಕಾದಷ್ಟಿರುತ್ತದೆ. ಲೇಸರ್ ಸ್ಕ್ಯಾನ್ ಮಾಡಿಸಿ, ಈಗಿರುವ ಕಟ್ಟಡದ ನಿಖರ ಅಳತೆ ಪಡೆದು ಎರಡನ್ನೂ ಹೋಲಿಸಿ.

ಇಷ್ಟಾದ ಮೇಲೆ ಪ್ರತಿ ಭಾಗದ ಮಹತ್ವವನ್ನು ನಿರ್ಧರಿಸಿ ಬರೆದಿಡಬೇಕು. ಮೂರು ಬಣ್ಣದ ಪೆನ್ಸಿಲ್ ಸಾಕು: ಮುಟ್ಟಬಾರದ್ದು, ಎಚ್ಚರದಿಂದ ಬದಲಿಸಬಹುದಾದದ್ದು, ಧಾರಾಳವಾಗಿ ಬದಲಿಸಬಹುದಾದದ್ದು. ಸಾಮಾನ್ಯವಾಗಿ ಹೊರಮುಖ, ಪ್ರವೇಶಾಂಗಣ, ಮುಖ್ಯ ಮೆಟ್ಟಿಲು, ಮುಂದಿನ ಬಯಲು, ನಿರ್ದೇಶಕರ ಕೊಠಡಿ ಮೊದಲ ಬಣ್ಣಕ್ಕೆ ಬರುತ್ತವೆ. ಮೇಲಿನ ಮಹಡಿಗಳ ಸಾಲು ಕಚೇರಿಗಳು ಮೊದಲಿನಿಂದಲೂ ಬದಲಾಗಲೆಂದೇ ಕಟ್ಟಿದವು, ಅಲ್ಲಿ ಸಂಕೋಚಪಡಬೇಕಾಗಿಲ್ಲ. ಪಾರಂಪರಿಕ ತಾಣಗಳ ಸಂರಕ್ಷಣೆಗಾಗಿ 1979ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಬುರ್ರಾ ಸನದು ಬೋಧಿಸುವುದು ಇದನ್ನೇ: ಮಹತ್ವವನ್ನು ಮೊದಲು ಅರಿಯಬೇಕು, ಬದಲಾವಣೆ ಅಗತ್ಯವಿದ್ದಷ್ಟೇ ಇರಬೇಕು. ಇಪ್ಪತ್ತನೆಯ ಶತಮಾನದ ಕಟ್ಟಡಗಳಿಗೆಂದೇ ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಇಕೊಮೋಸ್‌ನ ತಜ್ಞರು ರೂಪಿಸಿದ ಮ್ಯಾಡ್ರಿಡ್–ನವದೆಹಲಿ ದಸ್ತಾವೇಜು (2017) ಇದೆ. ಆಧುನಿಕ ವಾಸ್ತುಶಿಲ್ಪದ ರಕ್ಷಣೆಗಾಗಿ 1988ರಲ್ಲಿ ಹುಟ್ಟಿದ ಡೊಕೊಮೊಮೊ ಸಂಘಟನೆಯ ಶಾಖೆಗಳು ಹಲವು ದೇಶಗಳಲ್ಲಿವೆ. ಅವರನ್ನು ಆರಂಭದಲ್ಲೇ ಮಾತಿಗೆ ಕರೆಯುವುದು ಲೇಸು. ವಿರೋಧಿಸಿ ಬರುವ ಮೊದಲೇ ಬಂದರೆ ಅವರಷ್ಟು ಒಳ್ಳೆಯ ಸಲಹೆಗಾರರು ಸಿಗುವುದಿಲ್ಲ.

ಎರಡನೆಯ ಹಂತ: ಸುತ್ತಿಗೆ ಎತ್ತುವ ಮೊದಲು ವಿಷ ಹುಡುಕಿ

ಆ ಕಾಲದ ಕಟ್ಟಡ ಸಾಮಗ್ರಿಯ ಪಟ್ಟಿಯಲ್ಲಿ ಇಂದಿನ ನಿಷೇಧಿತ ವಸ್ತುಗಳು ಸಾಲುಗಟ್ಟಿವೆ. ಉಕ್ಕಿನ ತೊಲೆಗಳಿಗೆ ಬೆಂಕಿ ತಾಗದಂತೆ ಸಿಂಪಡಿಸಿದ ಲೇಪದಲ್ಲಿ, ಕೊಳವೆಗಳ ಹೊದಿಕೆಯಲ್ಲಿ, ಚಾವಣಿಯ ಹಲಗೆಗಳಲ್ಲಿ, ಒಂಬತ್ತು ಅಂಗುಲ ಚೌಕದ ವಿನೈಲ್ ನೆಲಹಾಸಿನಲ್ಲಿ, ಅದರ ಕೆಳಗಿನ ಕಪ್ಪು ಅಂಟಿನಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇರಬಹುದು. ಅಮೆರಿಕದಲ್ಲಿ ಸಿಂಪಡಿಸುವ ಕಲ್ನಾರು ಲೇಪಕ್ಕೆ ತಡೆ ಬಿದ್ದದ್ದು 1973ರಲ್ಲಿ. ಅದಕ್ಕೆ ಹಿಂದಿನ ಯಾವ ಉಕ್ಕಿನ ಕಟ್ಟಡವನ್ನೂ ಪರೀಕ್ಷೆಯಿಲ್ಲದೆ ನಂಬುವಂತಿಲ್ಲ. ಬಣ್ಣದಲ್ಲಿ ಸೀಸವಿರಬಹುದು.

ಎಲ್ಲರೂ ಮರೆಯುವುದು ಪಿಸಿಬಿ ಎಂಬ ರಾಸಾಯನಿಕವನ್ನು. 1950ರಿಂದ 1970ರ ದಶಕದ ಕೊನೆಯವರೆಗೆ ಗಾಜು ಮತ್ತು ಕಾಂಕ್ರೀಟ್ ಸಂದುಗಳಿಗೆ ತುಂಬಿದ ಮೆದು ಸೀಲಂಟುಗಳಲ್ಲಿ, ಟ್ಯೂಬ್‌ಲೈಟುಗಳ ಚೋಕ್‌ಗಳಲ್ಲಿ ಇದನ್ನು ಬಳಸುತ್ತಿದ್ದರು. ಸೀಲಂಟಿನಿಂದ ಅದು ಪಕ್ಕದ ಕಾಂಕ್ರೀಟಿಗೂ ಇಳಿದಿರುತ್ತದೆ; ಆದ್ದರಿಂದ ಸೀಲಂಟ್ ಕೆರೆದು ತೆಗೆದರೆ ಕೆಲಸ ಮುಗಿಯಿತು ಎನ್ನುವಂತಿಲ್ಲ, ಅಂಚಿನ ಕಾಂಕ್ರೀಟನ್ನೂ ಪರೀಕ್ಷಿಸಬೇಕು. ಕಿಟಕಿ ಬಿಚ್ಚುವ ಗುತ್ತಿಗೆ ಕೊಟ್ಟ ಮೇಲೆ ಇದು ಗೊತ್ತಾದರೆ ಅಂದಾಜು ವೆಚ್ಚವೂ ವೇಳಾಪಟ್ಟಿಯೂ ಎರಡೂ ತಲೆಕೆಳಗಾಗುತ್ತವೆ. ಪರವಾನಗಿ ಪಡೆದ ತಜ್ಞರಿಂದ ಮಾದರಿ ತೆಗೆಸಿ, ಪ್ರಯೋಗಾಲಯದ ವರದಿ ಬಂದ ಮೇಲಷ್ಟೇ ಗೋಡೆ ಒಡೆದು ನೋಡುವ ತನಿಖೆಗೆ ಇಳಿಯಿರಿ.

ಮೂರನೆಯ ಹಂತ: ಕಟ್ಟಡಕ್ಕೆ ಒಗ್ಗುವ ಬಳಕೆ ಹುಡುಕಿ

ಬಳಕೆಯನ್ನು ಮೊದಲೇ ನಿಶ್ಚಯಿಸಿ, ಕಟ್ಟಡವನ್ನು ಅದಕ್ಕೆ ಬಗ್ಗಿಸಲು ಹೊರಡುವುದು ದುಬಾರಿ ದಾರಿ. ಮೂರು ಅಳತೆಗಳನ್ನು ಮುಂದಿಟ್ಟುಕೊಂಡು ಕುಳಿತರೆ ಅರ್ಧ ಉತ್ತರ ತಾನಾಗಿ ಬರುತ್ತದೆ. ಒಂದು ನೆಲದಿಂದ ಮೇಲಿನ ನೆಲಕ್ಕಿರುವ ಎತ್ತರ, ಇನ್ನೊಂದು ಕಿಟಕಿಯಿಂದ ಒಳಗಿನ ಗೋಡೆಗಿರುವ ಆಳ, ಮೂರನೆಯದು ನೆಲ ಹೊರಬಲ್ಲ ಭಾರ.

ಹಳೆಯ ಕಚೇರಿಗಳಲ್ಲಿ ಮಹಡಿಯ ಎತ್ತರ 3.3ರಿಂದ 3.7 ಮೀಟರ್ ಇರುವುದು ಸಾಮಾನ್ಯ. ಇಂದಿನ ಹೊಸ ಕಚೇರಿಗಳು ನಾಲ್ಕು ಮೀಟರಿನ ಸುತ್ತ ಬಯಸುತ್ತವೆ. ಈ ಅಂತರವನ್ನು ಎಲ್ಲಿಂದಲೋ ತರಲಾಗುವುದಿಲ್ಲ; ಯಂತ್ರವ್ಯವಸ್ಥೆಯನ್ನು ಜಾಣತನದಿಂದ ಆರಿಸಿ ಸರಿದೂಗಿಸಬೇಕು. ಕಿರಿದಾದ ಮಹಡಿಯಾದರೆ ಹಗಲುಬೆಳಕು ಒಳಗಿನವರೆಗೆ ಬರುತ್ತದೆ, ಅಂಥದ್ದು ಮನೆಗಳಿಗೂ ವಸತಿಗೃಹಕ್ಕೂ ಒಗ್ಗುತ್ತದೆ. ಆಳವಾದ ಮಹಡಿಯಾದರೆ ಕಚೇರಿ, ಪ್ರಯೋಗಾಲಯ, ತರಗತಿಗಳೇ ವಾಸಿ. ಭಾರದ ವಿಷಯದಲ್ಲಿ ಮೂಲ ನಕ್ಷೆಯ ಕಡತಕೋಣೆಗಳನ್ನು ಗುರುತು ಹಾಕಿಕೊಳ್ಳಿ. ಕಾಗದದ ರಾಶಿ ಹೊರಲೆಂದು ಅಲ್ಲಿನ ನೆಲವನ್ನು ಬಲವಾಗಿ ಕಟ್ಟಿರುತ್ತಾರೆ. ಸರ್ವರ್, ಬ್ಯಾಟರಿ ಸಾಲು, ಪುಸ್ತಕ ಭಂಡಾರ ಇಡಬೇಕಾದರೆ ಆ ಜಾಗ ಪುಕ್ಕಟೆ ಸಿಕ್ಕ ವರ.

ಒಂದು ಉದಾಹರಣೆ ನೆನಪಿಡುವಂಥದ್ದು. ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಈರೋ ಸಾರಿನೆನ್ ವಿನ್ಯಾಸಗೊಳಿಸಿದ, 1962ರಲ್ಲಿ ತೆರೆದ ಬೆಲ್ ಪ್ರಯೋಗಾಲಯದ ಕನ್ನಡಿ ಗಾಜಿನ ಬೃಹತ್ ಕಟ್ಟಡ ಖಾಲಿಯಾಗಿ ಬಿದ್ದಿತ್ತು. ಒಂದೇ ಸಂಸ್ಥೆಗೆ ಅಷ್ಟು ಜಾಗ ಬೇಕಿರಲಿಲ್ಲ. ನಡುವಿನ ಎತ್ತರದ ಒಳಾಂಗಣ ದುಂದು ಎಂದೇ ಕಾಣುತ್ತಿತ್ತು. 2013ರಲ್ಲಿ ಅದನ್ನು ಕೊಂಡವರು ಆ ಒಳಾಂಗಣವನ್ನೇ ಊರಿನ ಬೀದಿಯಂತೆ ತೆರೆದರು: ಅಂಗಡಿ, ಉಪಾಹಾರ, ಗ್ರಂಥಾಲಯ ಕೆಳಗೆ, ಹಲವು ಕಂಪನಿಗಳ ಕಚೇರಿ ಸುತ್ತ. ಹೊರೆಯೆನಿಸಿದ್ದ ಜಾಗವೇ ಬಾಡಿಗೆಗೆ ಬರುವವರನ್ನು ಸೆಳೆಯಿತು. ನಿಮ್ಮ ಕಟ್ಟಡದಲ್ಲಿ ಲೆಕ್ಕಿಗರು "ವ್ಯರ್ಥ" ಎಂದು ಗುರುತಿಸಿದ ಜಾಗ ಯಾವುದೆಂದು ಮೊದಲು ಕೇಳಿ, ಅಲ್ಲಿಂದ ಯೋಚನೆ ಶುರು ಮಾಡಿ.

ನಾಲ್ಕನೆಯ ಹಂತ: ಅಸ್ಥಿಪಂಜರದ ಆರೋಗ್ಯ

ಕಾಂಕ್ರೀಟ್ ಕಟ್ಟಡವಾದರೆ ಮೊದಲ ಶತ್ರು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಅದು ದಶಕಗಳ ಕಾಲ ಮೆಲ್ಲಗೆ ಒಳಗಿಳಿದು ಕಾಂಕ್ರೀಟಿನ ಕ್ಷಾರಗುಣವನ್ನು ತಗ್ಗಿಸುತ್ತದೆ. ಆ ಗುಣ ಕಾಪಾಡುತ್ತಿದ್ದ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಮೇಲಿನ ಪದರ ಸೀಳಿ ಉದುರುತ್ತದೆ. ಆ ಕಾಲದ ವಾಸ್ತುಶಿಲ್ಪಿಗಳಿಗೆ ತೆಳುವಿನ ಮೇಲೆ ಮೋಹವಿದ್ದುದರಿಂದ ಬಿಸಿಲುತಡೆ ಹಲಗೆಗಳಲ್ಲಿ, ಬಾಲ್ಕನಿ ಅಂಚುಗಳಲ್ಲಿ ಸರಳಿನ ಮೇಲೆ ಕಾಂಕ್ರೀಟ್ ಬಹಳ ಕಡಿಮೆ ಇರುತ್ತದೆ. ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಂತ ಭಾಗ ಗುಲಾಬಿಯಾಗುತ್ತದೆ, ಕೆಟ್ಟ ಭಾಗ ಬಣ್ಣ ತಾಳುವುದಿಲ್ಲ. ಇದಕ್ಕಿಂತ ಅಗ್ಗದ, ಇಷ್ಟು ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಜೊತೆಗೆ ಸರಳಿನ ಆಳ ಅಳೆಯುವ ಮೀಟರ್, ಸರಳಿಗೆ ತುಕ್ಕು ಹಿಡಿಸುವ ಕ್ಲೋರೈಡ್ ಲವಣದ ಪರೀಕ್ಷೆ, ಕಾಂಕ್ರೀಟಿನ ಉರುಳೆಯಾಕಾರದ ತುಂಡು (ಕೋರ್) ತೆಗೆದು ಬಲ ನೋಡುವುದು ಬೇಕು. ಕಾಂಕ್ರೀಟ್ ಬೇಗ ಗಟ್ಟಿಯಾಗಲೆಂದು ಆಗ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಿದ್ದರು. ಸಮುದ್ರ ನೋಡದ ಊರಿನ ಕಟ್ಟಡದಲ್ಲೂ ಕ್ಲೋರೈಡ್ ಸಿಗುವುದು ಇದಕ್ಕೇ.

ದುರಸ್ತಿಯಲ್ಲಿ ಎರಡು ಕಡೆ ಜನ ಎಡವುತ್ತಾರೆ. ಕೆಟ್ಟ ಜಾಗವನ್ನಷ್ಟೇ ಕೆತ್ತಿ ಹೊಸ ಗಾರೆ ತುಂಬಿದರೆ, ಕೆಲವು ವರ್ಷಗಳಲ್ಲಿ ತೇಪೆಯ ಸುತ್ತಲಿನ ಹಳೆಯ ಸರಳು ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಹೊಸದು ಮತ್ತು ಹಳೆಯದರ ನಡುವೆ ವಿದ್ಯುತ್ ರಾಸಾಯನಿಕ ವ್ಯತ್ಯಾಸ ಉಂಟಾಗುವುದೇ ಕಾರಣ. ತೇಪೆಯೊಳಗೆ ಸತುವಿನ ಬಲಿ ಆನೋಡುಗಳನ್ನು, ಅಂದರೆ ಸರಳಿನ ಬದಲು ತಾವೇ ಸವೆಯುವ ತುಂಡುಗಳನ್ನು, ಕಟ್ಟುವುದು ಇದಕ್ಕೆ ಪರಿಹಾರ. ಇನ್ನೊಂದು, ಎಲ್ಲ ತೇಪೆಗಳನ್ನೂ ಮುಚ್ಚಲು ಇಡೀ ಮೈಗೆ ಬೂದು ಬಣ್ಣ ಬಳಿಯುವುದು. ಹಲಗೆಯ ಗುರುತು ಮೂಡಿದ ಕಾಂಕ್ರೀಟಿನ ಮೇಲೆ ಬಣ್ಣ ಬಿದ್ದರೆ ಅದನ್ನು ಮರಳಿ ಪಡೆಯುವುದು ಬಹುಪಾಲು ಅಸಾಧ್ಯ. ಮೂಲ ಮರಳು, ಜಲ್ಲಿ, ಸಿಮೆಂಟಿನ ಬಣ್ಣ ಹೊಂದಿಸಿ ಗಾರೆಯ ಮಾದರಿಗಳನ್ನು ಮಾಡಿ, ಒಣಗಿಸಿ, ಬಿಸಿಲಿನಲ್ಲೂ ಮಳೆಯಲ್ಲೂ ನೋಡಿ ಆರಿಸಿ. ಒದ್ದೆಯಲ್ಲಿ ಹೊಂದಿದ ಬಣ್ಣ ಒಣಗಿದಾಗ ಕೈಕೊಡುವುದು ಈ ಕಸುಬಿನ ಹಳೆಯ ಕಥೆ.

ಭೂಕಂಪದ ಪ್ರದೇಶವಾದರೆ ನೆಲಮಹಡಿಯ ಕಂಬಗಳ ತೆರವೇ ದುರ್ಬಲ ಜಾಗ. ಮೇಲೆ ಭಾರ, ಕೆಳಗೆ ಗೋಡೆಯಿಲ್ಲ; ಕಂಬದೊಳಗಿನ ಸುತ್ತುಸರಳುಗಳು ದೂರ ದೂರ ಇರುತ್ತವೆ. ಕ್ಯಾಲಿಫೋರ್ನಿಯಾದ 1971ರ ಸ್ಯಾನ್ ಫರ್ನಾಂಡೊ ಭೂಕಂಪದ ನಂತರವೇ ಇಂಥ ಕಾಂಕ್ರೀಟ್ ಚೌಕಟ್ಟುಗಳ ನಿಯಮ ಬಿಗಿಯಾದದ್ದು. ಆ ತೆರವನ್ನು ಗೋಡೆ ಕಟ್ಟಿ ತುಂಬುವುದು ಸುಲಭ. ಕಟ್ಟಡದ ಗುಣ ಅಲ್ಲೇ ಮುಗಿಯುತ್ತದೆ. ಲಿಫ್ಟು ಮತ್ತು ಮೆಟ್ಟಿಲುಗಳಿರುವ ನಡುಭಾಗದಲ್ಲಿ ಕಂಪನ ತಾಳುವ ಹೊಸ ಗಟ್ಟಿ ಗೋಡೆ ಸೇರಿಸಿ, ಕಂಬಗಳಿಗೆ ಇಂಗಾಲದ ನಾರಿನ ಪಟ್ಟಿ ಸುತ್ತಿ, ಮೇಲಿನ ಲೇಪವನ್ನು ಮೊದಲಿನಂತೆ ಮಾಡುವ ದಾರಿಗಳಿವೆ. ರಚನಾ ಇಂಜಿನಿಯರ್ ಮೊದಲ ಸಭೆಯಲ್ಲೇ "ಗೋಡೆ ಹಾಕಿ" ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಲು ಹಿಂಜರಿಯಬೇಡಿ.

ಐದನೆಯ ಹಂತ: ಹೊರಮೈ, ಅಂದರೆ ಅಸಲಿ ಪರೀಕ್ಷೆ

ಗಾಜು ಮತ್ತು ಲೋಹದ ತೆಳು ಹೊದಿಕೆಯನ್ನು ಮಹಡಿಗಳ ಅಂಚಿಗೆ ತೂಗುಹಾಕುವ ಕರ್ಟನ್ ವಾಲ್ ಆ ಕಾಲದ ದೊಡ್ಡ ಸಾಹಸ. ಸಾಹಸ ಎಂದೇ ಹೇಳಬೇಕು, ಏಕೆಂದರೆ ಮಾಡುತ್ತಿದ್ದವರೇ ಕಲಿಯುತ್ತಿದ್ದರು. ಮಿಷಿಗನ್‌ನ ಜನರಲ್ ಮೋಟಾರ್ಸ್ ತಾಂತ್ರಿಕ ಕೇಂದ್ರದಲ್ಲಿ ಸಾರಿನೆನ್ ತಂಡ ಕಾರಿನ ಗಾಜು ಕೂರಿಸುವ ನಿಯೊಪ್ರೀನ್ ರಬ್ಬರ್ ಪಟ್ಟಿಯನ್ನೇ ಕಟ್ಟಡಕ್ಕೆ ಒಗ್ಗಿಸಿತು. ಅಂಥ ಪಟ್ಟಿಗಳು ಇಂದು ಒಣಗಿ ಬಿರುಕು ಬಿಟ್ಟಿರುತ್ತವೆ, ಸಂದಿನ ಸೀಲಂಟುಗಳ ಆಯಸ್ಸು ಯಾವಾಗಲೋ ತೀರಿರುತ್ತದೆ, ಒಳಬಂದ ನೀರು ಹೊರಹೋಗುವ ದಾರಿ ಚೌಕಟ್ಟಿನಲ್ಲಿ ಇರುವುದೇ ಇಲ್ಲ. ಇಂದಿನ ಚೌಕಟ್ಟುಗಳಲ್ಲಿರುವ ಉಷ್ಣತಡೆ ಪಟ್ಟಿಯೂ ಇಲ್ಲ. ಹೊರಗಿನ ಚಳಿ ಲೋಹದ ಮೂಲಕ ನೇರ ಒಳಗೆ ಬರುತ್ತದೆ.

ನ್ಯೂಯಾರ್ಕಿನ ಲಿವರ್ ಹೌಸ್ (1952) ಮತ್ತು ಮಿಲಾನಿನ ಪಿರೆಲ್ಲಿ ಗೋಪುರ (1960) ಎರಡು ಬೇರೆ ಬೇರೆ ಉತ್ತರಗಳನ್ನು ಕೊಡುತ್ತವೆ. ಲಿವರ್ ಹೌಸಿನಲ್ಲಿ ಹೊರಗೆ ತುಕ್ಕುರಹಿತ ಉಕ್ಕಿನ ಹೊದಿಕೆಯಿದ್ದರೂ ಒಳಗೆ ಅದನ್ನು ಹಿಡಿದಿದ್ದದ್ದು ಸಾಧಾರಣ ಉಕ್ಕು. ನೀರು ಇಳಿಯಿತು, ಉಕ್ಕು ತುಕ್ಕು ಹಿಡಿದು ಉಬ್ಬಿತು, ಗಾಜು ಒಡೆಯಿತು; ಒಡೆದಲ್ಲೆಲ್ಲ ಬೇರೆ ಬಣ್ಣದ ಗಾಜು ಬಂದು ಕೂತಿತು. ಕೊನೆಗೆ 2000ದ ಆಸುಪಾಸಿನಲ್ಲಿ, ಮೂಲ ವಿನ್ಯಾಸ ಮಾಡಿದ ಸಂಸ್ಥೆಯೇ ಇಡೀ ಹೊರಮೈಯನ್ನು ತೆಗೆದು, ಕಣ್ಣಿಗೆ ಹಳೆಯದರಂತೆಯೇ ಕಾಣುವ ಹೊಸದನ್ನು ಕೂರಿಸಿತು. ಪಿರೆಲ್ಲಿಯ ಕಥೆ ಬೇರೆ. 2002ರಲ್ಲಿ ಸಣ್ಣ ವಿಮಾನವೊಂದು ಬಂದು ಬಡಿದ ಮೇಲೆ ನಡೆದ ಜೀರ್ಣೋದ್ಧಾರದಲ್ಲಿ ಮೂಲ ಅಲ್ಯೂಮಿನಿಯಂ ಚೌಕಟ್ಟುಗಳನ್ನು ಬಿಚ್ಚಿ, ಹಸನು ಮಾಡಿ ಮತ್ತೆ ಅಲ್ಲೇ ಕೂರಿಸಿದರು. ಒಂದು ಕಡೆ ರೂಪ ಉಳಿಯಿತು, ಇನ್ನೊಂದು ಕಡೆ ವಸ್ತುವೂ ಉಳಿಯಿತು. ಒಳಗಿನ ಲೋಹ ಉಕ್ಕೋ ಅಲ್ಯೂಮಿನಿಯಮ್ಮೋ ಎಂಬುದರ ಮೇಲೆ ನಿಮ್ಮ ಆಯ್ಕೆ ಬಹಳ ಮಟ್ಟಿಗೆ ನಿಂತಿರುತ್ತದೆ. ಅದನ್ನು ತಿಳಿಯಲು ಕನಿಷ್ಠ ಮೂರು ನಾಲ್ಕು ಕಡೆ, ಮೂಲೆಯಲ್ಲಿ, ನಡುವೆ, ಮೇಲಿನ ಅಂಚಿನಲ್ಲಿ, ಮಳೆ ಹೊಡೆಯುವ ದಿಕ್ಕಿನಲ್ಲಿ ಬಿಚ್ಚಿ ನೋಡಲೇಬೇಕು.

ನಾನು ಆಯ್ಕೆಗಳನ್ನು ಈ ಕ್ರಮದಲ್ಲೇ ಪರಿಶೀಲಿಸಬೇಕೆನ್ನುತ್ತೇನೆ. ಮೊದಲಿನದು ಸಾಲದೆಂದು ಲೆಕ್ಕ ತೋರಿಸಿದ ಮೇಲಷ್ಟೇ ಮುಂದಿನದಕ್ಕೆ ಹೋಗಬೇಕು.

ಶುಚಿ ಮಾಡಿ, ಸೀಲಂಟು ಮತ್ತು ರಬ್ಬರ್ ಪಟ್ಟಿ ಬದಲಿಸಿ, ನೀರು ಹೊರಹೋಗಲು ತೂತು ಕೊರೆದು ನೋಡುವುದು ಮೊದಲನೆಯದು. ಆನೋಡೈಸ್ ಮಾಡಿದ, ಅಂದರೆ ವಿದ್ಯುತ್ ಹಾಯಿಸಿ ಮೈಮೇಲೆ ರಕ್ಷಣಾ ಪದರ ಕಟ್ಟಿಸಿದ, ಅಲ್ಯೂಮಿನಿಯಮ್ಮಿಗೆ ಸೌಮ್ಯ ಸಾಬೂನು, ಮೆದು ಉಜ್ಜುಪಟ್ಟಿ ಸಾಕು. ಮರಳು ಊದುವುದು, ಆಮ್ಲ, ಕ್ಷಾರದ ದ್ರಾವಣ ಬೇಡವೇ ಬೇಡ. ಆ ಪದರ ಹೋದರೆ ಕಟ್ಟಡದ ಮೇಲಿದ್ದಂತೆ ಮತ್ತೆ ಆನೋಡೈಸ್ ಮಾಡಲಾಗುವುದಿಲ್ಲ.

ಎರಡನೆಯದು ಹಳೆಯ ಚೌಕಟ್ಟಿನಲ್ಲೇ ಗಾಜು ಬದಲಿಸುವುದು. ಆರು ಮಿಲಿಮೀಟರಿನ ಒಂಟಿ ಗಾಜಿನ ಉಷ್ಣ ಸೋರಿಕೆ, ತಜ್ಞರು ಯು-ಮೌಲ್ಯ ಎನ್ನುವುದು, ಚದರ ಮೀಟರಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.7 ವಾಟ್. ಒಳ್ಳೆಯ ಲೇಪವಿರುವ ಜೋಡಿ ಗಾಜಿನದು 1.1ರಿಂದ 1.6ರೊಳಗೆ, ಆದರೆ ಅದು 24 ಮಿಲಿಮೀಟರಿಗೂ ಹೆಚ್ಚು ದಪ್ಪ, ಹಳೆಯ ಚೌಕಟ್ಟಿನ ತೋಡಿನಲ್ಲಿ ಕೂರುವುದಿಲ್ಲ, ಭಾರವೂ ದುಪ್ಪಟ್ಟು. ಎರಡು ಗಾಜುಗಳ ನಡುವಿನ ಗಾಳಿ ಹೀರಿ ತೆಗೆದ ನಿರ್ವಾತ ಗಾಜು ಎಂಟು ಮಿಲಿಮೀಟರಿನ ಸುತ್ತಲ ದಪ್ಪದಲ್ಲೇ ಅದಕ್ಕೆ ಸಮನಾದ ಫಲ ಕೊಡುತ್ತದೆ. ಬೆಲೆ ಹೆಚ್ಚು. ಆದರೂ ಚೌಕಟ್ಟು ಉಳಿಯುವುದರಿಂದ ಉಳಿತಾಯವಾಗುವ ಹಣವನ್ನೂ ಲೆಕ್ಕಕ್ಕೆ ಸೇರಿಸಿ ನೋಡಿ.

ಮೂರನೆಯದು ಒಳಗಡೆಯಿಂದ ಇನ್ನೊಂದು ಗಾಜಿನ ಪದರ. ಹೊರಗಿನಿಂದ ಏನೂ ಬದಲಾಗುವುದಿಲ್ಲ, ಬೀದಿಯ ಸದ್ದೂ ಇಳಿಯುತ್ತದೆ. ನಡುವಿನ ಜಾಗ ಸ್ವಲ್ಪ ಹೊರಗಿನ ಗಾಳಿಗೆ ತೆರೆದಿರಬೇಕು, ಒಳಗಿನ ಪದರ ಬಿಗಿಯಾಗಿರಬೇಕು. ತಿರುವುಮುರುವಾದರೆ ನಡುವೆ ನೀರು ಕಟ್ಟುತ್ತದೆ. ಇಡೀ ಹೊರಮೈ ಬದಲಿಸುವುದು ಕೊನೆಯದು. ಆಗ ಚೌಕಟ್ಟಿನ ಅಗಲ, ಹೊರಚಾಚು, ಗಾಜಿನ ಬಣ್ಣ, ಪ್ರತಿಫಲನ ಎಲ್ಲವನ್ನೂ ಮೂಲದ ಜೊತೆ ಪಕ್ಕಪಕ್ಕದಲ್ಲಿಟ್ಟು ಒಪ್ಪಬೇಕು. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಾರ್ಯಾಲಯ ಗೋಪುರದಲ್ಲಿ ನಂತರ ಅಂಟಿಸಿದ ಹಾಳೆಗಳಿಂದ ಗಾಜಿನ ಮೂಲ ಹಸಿರು ಮಸುಕಾಗಿತ್ತು. ಹೊಸ ಹೊರಮೈ ಕೂರಿಸಿದಾಗ ಆ ಬಣ್ಣವನ್ನು ಮರಳಿ ತಂದರು. ಅಂದಹಾಗೆ, ಬಿಸಿಲು ತಡೆಯುವ ಹಾಳೆಯನ್ನು ಹಳೆಯ ಗಾಜಿಗೆ ಸುಮ್ಮನೆ ಅಂಟಿಸಬೇಡಿ. ಬಣ್ಣದ ಗಾಜು, ತಂತಿ ಗಾಜು ಶಾಖ ಹೀರಿಕೊಂಡು ಅಂಚಿನಿಂದ ಸೀಳುತ್ತದೆ.

ಕಿಟಕಿಯ ಕೆಳಗಿನ ಅಪಾರದರ್ಶಕ ಫಲಕಗಳೇ ದಪ್ಪ ಬಚ್ಚಿಡುವ ಒಳ್ಳೆಯ ಜಾಗ. ಅಲ್ಲಿ ಒಳಗಿನಿಂದ ಉಷ್ಣನಿರೋಧಕ ತುಂಬಿ, ಮಹಡಿಯ ಅಂಚಿಗೂ ಹೊದಿಕೆಗೂ ನಡುವಿನ ಸಂದನ್ನು ಬೆಂಕಿ ದಾಟದ ಖನಿಜ ಉಣ್ಣೆಯಿಂದ ಬಿಗಿಯಾಗಿ ಮುಚ್ಚಿ. ಹಳೆಯ ಕಟ್ಟಡಗಳಲ್ಲಿ ಆ ಸಂದು ಖಾಲಿಯಾಗಿರುವುದೇ ಹೆಚ್ಚು. ಒಂದು ಮಹಡಿಯ ಬೆಂಕಿ ಮೇಲಕ್ಕೆ ಹೋಗಲು ಅದಕ್ಕಿಂತ ಸಲೀಸಾದ ದಾರಿ ಬೇರೆ ಬೇಡ.

ಚಪ್ಪಟೆ ತಾರಸಿಯ ಬಗ್ಗೆ ಹೇಳಲು ಕಡಿಮೆಯಿದೆ. ನಿರೋಧಕ ಪದರ ಅಲ್ಲಿ ದಪ್ಪವಾಗಿ ಹಾಕಿ, ಆದರೆ ಅಂಚಿನ ಗೆರೆ ಮೇಲೇಳದಂತೆ ಅಂಚಿನಿಂದ ಒಳಕ್ಕೆ ಸರಿಸಿ ಏರಿಸಿ. ಸೌರಫಲಕ, ಯಂತ್ರಗಳು ಬೀದಿಗೆ ಕಾಣದಷ್ಟು ಹಿಂದಿರಲಿ.

ಆರನೆಯ ಹಂತ: ಯಂತ್ರಗಳು, ಗಾಳಿ, ಬೆಳಕು

ಹೊರಮೈಯ ನಿರ್ಧಾರ ಆಗದೆ ಹವಾನಿಯಂತ್ರಣದ ಗಾತ್ರ ನಿರ್ಧರಿಸಬೇಡಿ. ಗಾಜು ಸುಧಾರಿಸಿದರೆ, ಟ್ಯೂಬ್‌ಲೈಟುಗಳ ಜಾಗಕ್ಕೆ ಎಲ್‌ಇಡಿ ಬಂದರೆ, ತಂಪು ಮಾಡಬೇಕಾದ ಶಾಖವೇ ಅರ್ಧಕ್ಕರ್ಧ ಇಳಿಯಬಹುದು. ಆಗ ಸಣ್ಣ ಯಂತ್ರ, ಸಣ್ಣ ನಾಳ ಸಾಕು. ಕ್ರಮ ತಿರುವಾದರೆ ದೊಡ್ಡ ಯಂತ್ರ ಕೊಂಡು, ಅದರ ನಾಳಗಳಿಗಾಗಿ ಚಾವಣಿ ಇಳಿಸಿ, ಕಿಟಕಿಯ ಮೇಲ್ಭಾಗವನ್ನೇ ಮುಚ್ಚುವ ಸ್ಥಿತಿ ಬರುತ್ತದೆ. ರಾತ್ರಿ ಬೀದಿಯಿಂದ ನೋಡಿದರೆ ಗಾಜಿನ ಹಿಂದೆ ಚಾವಣಿಯ ಹಲಗೆ ಅಡ್ಡ ನಿಂತಿರುವ ಎಷ್ಟೋ ಕಟ್ಟಡಗಳು ಇದರ ಫಲ.

ಕಡಿಮೆ ಎತ್ತರದ ಮಹಡಿಗೆ ನೀರು ಆಧಾರಿತ ವ್ಯವಸ್ಥೆ ಒಗ್ಗುತ್ತದೆ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರುತ್ತದೆ; ಹಾಗಾಗಿ ಬೆರಳ ದಪ್ಪದ ಕೊಳವೆ ದೊಡ್ಡ ನಾಳದ ಕೆಲಸ ಮಾಡುತ್ತದೆ. ಉಸಿರಾಟಕ್ಕೆ ಬೇಕಾದ ತಾಜಾ ಗಾಳಿಗೆ ಮಾತ್ರ ತೆಳು ನಾಳ. ಹಲವು ಕಟ್ಟಡಗಳಲ್ಲಿ ಕಿಟಕಿಯ ಕೆಳಗೆ ಉದ್ದಕ್ಕೂ ಲೋಹದ ಪೆಟ್ಟಿಗೆಗಳಿರುತ್ತವೆ, ಕೊಠಡಿಯ ಗಾಳಿಯನ್ನು ತಂಪು ಅಥವಾ ಬೆಚ್ಚಗೆ ಮಾಡುತ್ತಿದ್ದ ಆಗಿನ ಇಂಡಕ್ಷನ್ ಘಟಕಗಳವು. ಪೆಟ್ಟಿಗೆ ಉಳಿಸಿ, ಒಳಗಿನ ಯಂತ್ರ ಬದಲಿಸಿ. ತಣ್ಣೀರಿನ ಕೊಳವೆ ಚಾವಣಿಯಲ್ಲಿದ್ದರೆ ತೇವಾಂಶದ ಮೇಲೆ ಕಣ್ಣಿರಲಿ: 22 ಡಿಗ್ರಿ, ಶೇ 50 ತೇವಾಂಶದ ಕೊಠಡಿಯಲ್ಲಿ 11 ಡಿಗ್ರಿಗಿಂತ ತಣ್ಣಗಿನ ಯಾವ ಮೈ ಮೇಲೂ ಹನಿ ಕಟ್ಟುತ್ತದೆ. ಚಳಿಯೂರಿನ ಹಳೆಯ ಚೌಕಟ್ಟುಗಳಿಗೂ ಇದೇ ಲೆಕ್ಕ. ಕಾಗದ, ಕಲಾಕೃತಿಗಳಿಗಾಗಿ ಒಳಗೆ ತೇವಾಂಶ ಹೆಚ್ಚಿಸುವ ಆಲೋಚನೆ ಇದ್ದರೆ ಅಲ್ಲೇ ಬಿಟ್ಟುಬಿಡಿ.

ಕೇಬಲ್‌ಗಳಿಗೆ ನೆಲ ಎತ್ತರಿಸುವ ಮೊದಲು ಕಾಂಕ್ರೀಟಿನ ಕೆಳಗೆ ಹಳೆಯ ಟೆಲಿಫೋನ್ ತಂತಿಗಳ ಟೊಳ್ಳು ನಾಳಗಳಿವೆಯೇ ನೋಡಿ. ಉಕ್ಕಿನ ತಗಡಿನ ನೆಲವಿರುವ ಹಲವು ಕಟ್ಟಡಗಳಲ್ಲಿ ಅವು ಇರುತ್ತವೆ, ತಂತಿ ಎಳೆದು ಹಾಕಿದರೆ ಇಂದಿನ ಜಾಲಕ್ಕೂ ಸಾಲುತ್ತವೆ.

ಬೆಳಕು ಇಲ್ಲಿ ವಾಸ್ತುಶಿಲ್ಪದ ಅಂಗ. ನ್ಯೂಯಾರ್ಕಿನ 1958ರ ಸೀಗ್ರಾಮ್ ಕಟ್ಟಡದಲ್ಲಿ ವಾಸ್ತುಶಿಲ್ಪಿ ಮೀಸ್ ಫಾನ್ ಡೆರ್ ರೋಹೆ ಕಿಟಕಿಯ ಪರದೆಗಳನ್ನು ಪೂರ್ತಿ ತೆರೆದ, ಅರ್ಧ, ಪೂರ್ತಿ ಮುಚ್ಚಿದ ಮೂರೇ ಸ್ಥಾನಗಳಲ್ಲಿ ನಿಲ್ಲುವಂತೆ ಮಾಡಿಸಿದ್ದು, ಅಂಚಿನ ಚಾವಣಿಯನ್ನು ಬೆಳಗುವ ಹಲಗೆಯಾಗಿಸಿದ್ದು ಹೊರಗಿನ ನೋಟಕ್ಕಾಗಿಯೇ. ಹೊಸ ಬಾಡಿಗೆದಾರರ ಒಪ್ಪಂದದಲ್ಲೇ ಅಂಚಿನ ಕೆಲವು ಮೀಟರಿನೊಳಗಿನ ಪರದೆಯ ಬಣ್ಣ, ದೀಪದ ಛಾಯೆ, ಗೋಡೆ ಕಟ್ಟಬಾರದೆಂಬ ಷರತ್ತು ಬರೆದಿಡಿ. ಬಾಯಿಮಾತಿನಲ್ಲಿ ಹೇಳಿದ್ದು ಎರಡನೆಯ ಬಾಡಿಗೆದಾರನ ಕಾಲಕ್ಕೆ ಉಳಿಯುವುದಿಲ್ಲ.

ಏಳನೆಯ ಹಂತ: ಬೆಂಕಿ ಮತ್ತು ಎಲ್ಲರ ಪ್ರವೇಶ

ತೇಲುವಂತಿರುವ ತೆರೆದ ಮೆಟ್ಟಿಲು ಇಂದಿನ ಅಗ್ನಿ ನಿಯಮಕ್ಕೆ ಸರಿಹೊಂದುವುದಿಲ್ಲ. ಅದನ್ನು ಗೋಡೆಯಿಂದ ಮುಚ್ಚುವ ಬದಲು ಬೇರೆಡೆ ಹೊಸ ತುರ್ತು ಮೆಟ್ಟಿಲು ಕೊಟ್ಟು, ತುಂತುರು ನೀರಿನ ವ್ಯವಸ್ಥೆ, ಹೊಗೆ ಬಂದಾಗ ಇಳಿಯುವ ಪರದೆ, ಅಗ್ನಿನಿರೋಧಕ ಗಾಜು ಇವುಗಳ ಜೋಡಣೆಯಿಂದ ಸಮಾನ ಸುರಕ್ಷತೆ ಇದೆಯೆಂದು ಲೆಕ್ಕದ ಮೂಲಕ ತೋರಿಸಲು ಹಲವು ದೇಶಗಳ ನಿಯಮಗಳಲ್ಲಿ ಅವಕಾಶವಿದೆ. ಅಗ್ನಿಶಾಮಕ ಅಧಿಕಾರಿಗಳನ್ನು ನಕ್ಷೆ ಮುಗಿದ ಮೇಲೆ ಕರೆಯಬೇಡಿ. ಶುರುವಿನಲ್ಲೇ ಕಟ್ಟಡದೊಳಗೆ ನಡೆದಾಡಿಸಿ.

ಗಾಲಿಕುರ್ಚಿಯ ದಾರಿಯೂ ಹಾಗೆಯೇ. ಮುಂದಿನ ಬಯಲಿನ ನಾಲ್ಕು ಮೆಟ್ಟಿಲುಗಳ ಪಕ್ಕ ಕಂಬಿಗಳ ಇಳಿಜಾರು ತೂರಿಸುವುದಕ್ಕಿಂತ ಬಯಲಿನ ಒಂದು ಭಾಗವನ್ನೇ ಮೆಲ್ಲಗೆ ಏರುವಂತೆ ಮರುಹಾಸುವುದು ಚೆಂದ. 1:20ರಷ್ಟು ಸೌಮ್ಯ ಏರಾದರೆ ಸಾಮಾನ್ಯವಾಗಿ ಕೈಕಂಬಿಯೂ ಬೇಕಾಗುವುದಿಲ್ಲ. ಹಿಂಬಾಗಿಲಿನಿಂದ ಬನ್ನಿ ಎನ್ನುವ ಪರಿಹಾರ ಮಾತ್ರ ಬೇಡ. ಬಯಲನ್ನು ಅಗೆದಾಗ ಕೆಳಗಿನ ನೆಲಮಾಳಿಗೆಯ ಜಲನಿರೋಧಕವನ್ನೂ ಅದೇ ಕೈಯಲ್ಲಿ ಬದಲಿಸಿಬಿಡಿ.

ಎಂಟನೆಯ ಹಂತ: ಒಳಗಿನ ಸಾಮಾನು ಕಸವಲ್ಲ

ತೆರವು ಕೆಲಸ ಶುರುವಾಗುವ ಮೊದಲು ಪ್ರತಿ ಕೊಠಡಿಯ ಪಟ್ಟಿ ಮಾಡಿ, ಫೋಟೋ ತೆಗೆದು, ಚೀಟಿ ಅಂಟಿಸಿ. ಬಾಗಿಲ ಹಿಡಿ, ಗಡಿಯಾರ, ಗೋಡೆಯ ಅಕ್ಷರಗಳು, ಲಿಫ್ಟಿನ ಗುಂಡಿಯ ಫಲಕ, ಕುರ್ಚಿ, ಮೇಜು ಎಲ್ಲವೂ. ಚಂಡೀಗಢದ ಸರ್ಕಾರಿ ಕಚೇರಿಗಳಿಗಾಗಿ ವಾಸ್ತುಶಿಲ್ಪಿ ಪಿಯರ್ ಜನ್ನರೆ ಮತ್ತು ಸಂಗಡಿಗರು ರೂಪಿಸಿದ ಕುರ್ಚಿಗಳನ್ನು ಗುಜರಿಯೆಂದು ಮಾರಿದರು. ಅವೇ ಕುರ್ಚಿಗಳು ನಂತರ ಯೂರೋಪ್, ಅಮೆರಿಕದ ಹರಾಜುಗಳಲ್ಲಿ ಭಾರಿ ಬೆಲೆಗೆ ಹೋದವು. ಕಟ್ಟಡ ಮಾತ್ರ ತನ್ನ ಸಾಮಾನು ಕಳೆದುಕೊಂಡು ನಿಂತಿತು.

ಮೊಸಾಯಿಕ್ ನೆಲವನ್ನು ಹೊಳೆಯುವಂತೆ ರಾಸಾಯನಿಕ ಬಳಿಯದೆ, ಸೂಕ್ಷ್ಮವಾಗಿ ಉಜ್ಜಿ, ಬಿರುಕಿಗೆ ಅದೇ ಬಣ್ಣದ ಕಲ್ಲುಚೂರು ತುಂಬಿ. ಮರದ ಹೊದಿಕೆಯ ಮೇಲ್ಪದರ ಕಾಗದದಷ್ಟು ತೆಳು, ಮರಳುಕಾಗದ ಹಿಡಿದವನ ಕೈ ಒಮ್ಮೆ ಜಾರಿದರೆ ಮುಗಿಯಿತು. ಒರೆಸಿ, ಮೇಣ ಹಚ್ಚಿ, ಅಷ್ಟಕ್ಕೇ ಬಿಡಿ.

ಕೆಲಸದ ಅನುಕ್ರಮ ಮತ್ತು ಹಸ್ತಾಂತರ

ಜನರನ್ನು ಒಳಗಿಟ್ಟುಕೊಂಡೇ ಮಹಡಿ ಮಹಡಿಯಾಗಿ ಕೆಲಸ ಮಾಡುವುದು ಅಗ್ಗವೆಂದು ಕಾಣುತ್ತದೆ. ಕಲ್ನಾರು ತೆಗೆಯುವುದು, ಹೊರಮೈ ಬಿಚ್ಚುವುದು ಎರಡೂ ಇದ್ದರೆ ಅದು ಬಹುತೇಕ ಸುಳ್ಳಾಗುತ್ತದೆ. ವಿಶ್ವಸಂಸ್ಥೆಯ ಗೋಪುರದಲ್ಲೂ ಹಂತಹಂತದ ಯೋಜನೆಯನ್ನು ಕೈಬಿಟ್ಟು, ಸಿಬ್ಬಂದಿಯನ್ನು ಬೇರೆ ಕಟ್ಟಡಗಳಿಗೆ ಸ್ಥಳಾಂತರಿಸಿ, ಒಮ್ಮೆಗೇ ಕೆಲಸ ಮಾಡಿದರು.

ದೊಡ್ಡ ಗುತ್ತಿಗೆಗೆ ಸಹಿ ಹಾಕುವ ಮೊದಲು ಒಂದು ಅಂಕಣವನ್ನು, ಅಂದರೆ ಎರಡು ಕಂಬಗಳ ನಡುವಿನ ಒಂದು ಮಹಡಿಯ ಭಾಗವನ್ನು, ಹೊರಗಾಜಿನಿಂದ ಚಾವಣಿಯ ದೀಪದವರೆಗೆ ಪೂರ್ತಿ ಮುಗಿಸಿ ನೋಡಿ. ಅದರ ಒಳಗೂ ಹೊರಗೂ ಗಾಳಿಯ ಒತ್ತಡದಲ್ಲಿ ವ್ಯತ್ಯಾಸ ಉಂಟುಮಾಡಿ, ಹೊರಗಿನಿಂದ ನೀರು ಸಿಂಪಡಿಸಿ ಸೋರಿಕೆ ಪರೀಕ್ಷಿಸಿ. ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಇ1105 ಇದಕ್ಕಿರುವ ಒಪ್ಪಿತ ಕ್ರಮ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎದುರು ಪಾದಚಾರಿ ಮಾರ್ಗದಲ್ಲಿ ನಿಂತು ಮುಟ್ಟದ ಪಕ್ಕದ ಅಂಕಣದ ಜೊತೆ ಹೋಲಿಸಿ. ಹೊಸದು ಎದ್ದು ಕಂಡರೆ ವಿನ್ಯಾಸ ಇನ್ನೂ ಮುಗಿದಿಲ್ಲ ಎಂದರ್ಥ. ಈ ಒಂದು ಅಂಕಣದ ವೆಚ್ಚಕ್ಕೆ ಹಣಕಾಸು ವಿಭಾಗ ಗೊಣಗುತ್ತದೆ, ಗೊಣಗಲಿ.

ತೆಗೆದ ಮೂಲ ಗಾಜು, ಚೌಕಟ್ಟಿನ ತುಂಡು, ಕಲ್ಲಿನ ಫಲಕ, ಹಿಡಿಗಳಲ್ಲಿ ಕೆಲವನ್ನು ಚೀಟಿ ಸಮೇತ ನೆಲಮಾಳಿಗೆಯಲ್ಲಿ ಕಾಪಿಡಿ. ನಿರ್ವಹಣಾ ಕೈಪಿಡಿಯಲ್ಲಿ ಯಾವ ಸೀಲಂಟ್, ಯಾವ ಬಣ್ಣ, ಯಾವ ಸಾಬೂನು, ಯಾವುದನ್ನು ಎಂದೂ ಬಳಸಬಾರದು ಎಂಬುದನ್ನು ಕಿಟಕಿ ಒರೆಸುವ ಕೆಲಸಗಾರನಿಗೂ ಅರ್ಥವಾಗುವ ಭಾಷೆಯಲ್ಲಿ, ಚಿತ್ರಗಳೊಂದಿಗೆ ಬರೆಸಿ. ಕಟ್ಟಡ ತುಂಬಿದ ಮೇಲೆ ಒಂದು ಪೂರ್ತಿ ಬೇಸಿಗೆ, ಮಳೆಗಾಲ, ಚಳಿಗಾಲ ಕಳೆಯುವವರೆಗೂ ಯಂತ್ರ ಹೊಂದಿಸುವ ತಂಡದ ಒಪ್ಪಂದವನ್ನು ಮುಕ್ತಾಯ ಮಾಡಬೇಡಿ, ಗುತ್ತಿಗೆದಾರನ ಕೊನೆಯ ಕಂತನ್ನೂ ಅಲ್ಲಿಯವರೆಗೆ ತಡೆಹಿಡಿಯುವ ಷರತ್ತು ಒಪ್ಪಂದದಲ್ಲಿರಲಿ. ಮೊದಲ ಜೋರು ಮಳೆಯ ದಿನ ಟಾರ್ಚ್ ಹಿಡಿದು ಮಳೆ ಹೊಡೆಯುವ ದಿಕ್ಕಿನ ಕಿಟಕಿಗಳ ಕೆಳಮೂಲೆಗಳನ್ನು ಒಂದೊಂದಾಗಿ ನೋಡಿ, ಒದ್ದೆ ಕಂಡದ್ದನ್ನು ನಕ್ಷೆಯ ಮೇಲೆ ಗುರುತು ಮಾಡಿ ಅವರಿಗೆ ಕಳುಹಿಸಿ.